ಹದಿನೇಳನೆಯ ವರ್ಗ

ಬೂದಿ ಯಾವುದು, ಕುರಿಯ ಹಿಕ್ಕೆ ಯಾವುದು ಎಂಬುದು ಯಂತ್ರಕ್ಕೆ ತಿಳಿಯುತ್ತಿರಲಿಲ್ಲ. ಎಂಟು ವರ್ಷ ಅದು ಎರಡನ್ನೂ ಒಂದೇ ಎಂದುಕೊಂಡಿತ್ತು. ಆ ಎಂಟು ವರ್ಷವೂ ಕುರಿಗಳು ಬದುಕಿದ್ದವು.

ಸುರಿದ ಮಳೆಯೆಲ್ಲ ಕೊನೆಗೆ ಕೆಂಚನಹಳ್ಳಕ್ಕೇ ಇಳಿದು ಬರುವ ಸೀಮೆ ಅದು. ಅರವತ್ತೆಂಟು ಊರು, ಹನ್ನೊಂದು ಕೆರೆ, ನಡುವೆ ನಾಲ್ಕು ದಿನ ನಡೆದರೂ ಮುಗಿಯದ ಬೋಳು ಎತ್ತರ. ಬಿಸಿಲು ಕೆರೆಗಳನ್ನು ಕುಡಿದು ಹಾಕುತ್ತದೆಂದು ಪ್ರಾಧಿಕಾರದವರು ಹನ್ನೊಂದಕ್ಕೂ ತೇಲುವ ಬಿಳಿ ಹಲಗೆಗಳ ಮುಚ್ಚಳ ಹಾಕಿ, ಸುತ್ತ ಬೇಲಿ ಎಳೆದರು. ಅಂದಿನಿಂದ ನೀರು ಕೊಳವೆಯಲ್ಲೇ ಓಡಾಡತೊಡಗಿತು. ಯಾವ ಕೊಳವೆ ಯಾವಾಗ ತೆರೆಯಬೇಕೆಂದು ಹೇಳುವುದು ನಕ್ಷೆ. ನಕ್ಷೆ ಬರೆಯುವುದು ಯಂತ್ರ. ದಿನವೂ ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಉಪಗ್ರಹ ಆ ಸೀಮೆಯ ಮೇಲೆ ಹಾದುಹೋಗುತ್ತದೆ. ಕಣ್ಣಿಗೆ ಕಾಣುವ ಬೆಳಕಿನಲ್ಲೂ, ಕಾಣದ ಅವಗೆಂಪು ಬೆಳಕಿನಲ್ಲೂ ಚಿತ್ರ ತೆಗೆಯುತ್ತದೆ. ಯಂತ್ರ ಆ ಚಿತ್ರದ ಒಂದೊಂದು ಚುಕ್ಕಿಗೂ ಒಂದೊಂದು ಹೆಸರಿಡುತ್ತದೆ. ಅಂಥ ಹೆಸರು ಒಟ್ಟು ಹದಿನಾರು. ಮನೆ, ಬೆಳೆ, ಬೀಳು, ಮರಗಾಡು, ಬಂಡೆ, ಸುಟ್ಟ ನೆಲ, ಹೀಗೆ. ಬೆಳೆಯೆಂದರೆ ಹನಿ ನೀರು. ಮನೆಯೆಂದರೆ ನಲ್ಲಿ. ಬಂಡೆಯೆಂದರೆ ಏನೂ ಇಲ್ಲ.

ಯಂತ್ರಕ್ಕೆ ಅನುಮಾನ ಬಂದ ಕಡೆ ಮನುಷ್ಯರು ಹೋಗಬೇಕು. ಆ ಕೆಲಸಕ್ಕೆ ನೆಲತಾಳೆ ಎನ್ನುತ್ತಾರೆ. ಚುಕ್ಕಿಯ ಮೇಲೆ ಹೋಗಿ ನಿಂತು, ಕೈಯಲ್ಲಿರುವ ಸಾಧನದಲ್ಲಿ ಇದು ಬೆಳೆ, ಇದು ಬೀಳು ಎಂದು ಒತ್ತುವುದು. ನಿಂತೇ ಒತ್ತಬೇಕು, ಕಚೇರಿಯಲ್ಲಿ ಕುಳಿತು ಒತ್ತಿದರೆ ಸಾಧನ ಒಪ್ಪುವುದಿಲ್ಲ. ಪ್ರಾಧಿಕಾರದಲ್ಲಿ ನೆಲತಾಳೆಗೆಂದು ಇದ್ದವರು ಆರು ಜನ. ಅವರಲ್ಲಿ ಮಾಳವ್ವನ ಮಾತಿಗೆ ಯಂತ್ರ ಕೊಡುತ್ತಿದ್ದ ತೂಕ ಎಲ್ಲರಿಗಿಂತ ಹೆಚ್ಚು: ನೂರಕ್ಕೆ ತೊಂಬತ್ತಾರು. ಅವಳು ಹೇಳಿದ್ದು ತಪ್ಪಾಗಿದ್ದು ತೀರ ಕಡಿಮೆ.

ಅವಳು ಕುರಿಗಾರರ ಮಗಳು. ಹುಟ್ಟಿದ್ದು ಯಾವುದೋ ಊರಿನ ಹೊಲದಲ್ಲಿ, ಗುಡಾರದೊಳಗೆ; ಯಾವ ಊರೆಂದು ಅವ್ವನಿಗೂ ಖಚಿತವಿರಲಿಲ್ಲ. ತಂಗಿಯೊಬ್ಬಳಾದರೂ ಒಂದೇ ಕಡೆ ಕುಳಿತು ಓದಲಿ ಎಂದು ಅಣ್ಣ ಅಮೋಗಿ ಅವಳನ್ನು ಹಾಸ್ಟೆಲ್ಲಿಗೆ ಬಿಟ್ಟು ತಾನು ಮಂದೆಯ ಹಿಂದೆ ಹೋದ. ಇಂದಿಗೂ ಅವನು ಹೋಗುತ್ತಲೇ ಇದ್ದಾನೆ. ನಾನೂರ ಮೂವತ್ತು ಕುರಿ, ಒಂದು ಕುದುರೆ, ಎರಡು ನಾಯಿ, ಹೆಂಡತಿ ನಿಂಗವ್ವ.

*

ಎಲ್ಲವೂ ಶುರುವಾದದ್ದು ಅಮೋಗಿಯ ಸಿಟ್ಟಿನಿಂದ.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಮಾಳವ್ವ ಅವರನ್ನು ನೋಡಲು ಹೋಗಿದ್ದಳು. ಜೋಳದ ಹೊಲದ ಬದುವಿನಲ್ಲಿ ಬಿಡಾರ. ನಿಂಗವ್ವ ಮೂರು ಕಲ್ಲಿನ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು.

"ಬಂದ್ರು ನೋಡ್ರಿ ಮೇಡಮ್ಮಾರು. ಮ್ಯಾಲಿಂದ ನಮ್ಮನ್ನ ನೋಡಿ ನೋಡಿ ಸಾಕಾಗಿರಬೇಕು, ಕೆಳಗ ಇಳದು ಬಂದಾರ" ಎಂದಳು.

"ಮ್ಯಾಲಿಂದ ನೀವು ಕಾಣಂಗಿಲ್ಲ ವೈನಿ. ಉಪಗ್ರಹ ಬರೋದ್ರಾಗ ನೀವು ಕುರಿ ಹೊಡಕೊಂಡು ನಡದಿರ್ತೀರಿ. ನೀವು ಮಲಗಿದ್ದ ಜಾಗ ಅಷ್ಟ ಕಾಣತೈತಿ."

"ಅಯ್ಯ, ಚಲೋ ಆತು ಬಿಡು. ನನ್ನ ಹರಕ ಸೀರಿ ಕಾಣೂದಿಲ್ಲ."

ಅಮೋಗಿಗೆ ನಗು ಬರಲಿಲ್ಲ. ಕಂಬಳಿಯ ಮಡಿಕೆಯಿಂದ ಒಂದು ಕಾಗದ ತೆಗೆದು ತಂಗಿಯ ಮುಂದೆ ಹಿಡಿದ. ಹೊಳೆಬಸಪ್ಪ ಎಂಬ ರೈತನಿಗೆ ಪ್ರಾಧಿಕಾರ ಕಳಿಸಿದ ನೋಟೀಸು. ಹೊಲದಲ್ಲಿ ಕೂಳೆ ಸುಟ್ಟಿದ್ದಕ್ಕೆ ದಂಡ; ದಂಡದ ನಿಯಮ ಜಾರಿಗೆ ಬಂದದ್ದು ಆ ವರ್ಷವೇ.

"ಆಂವ ಒಂದು ಕಡ್ಡೀನೂ ಗೀರಿಲ್ಲ ಮಾಳಿ. ನಾವು ಎರಡು ರಾತ್ರಿ ಅಲ್ಲಿ ಕುರಿ ತರುಬಿದ್ವಿ, ಅಷ್ಟ. ಕುರಿ ಮಲಗಿ ಎದ್ದ ನೆಲ ನಿಮ್ಮ ಯಂತ್ರಕ್ಕ ಸುಟ್ಟಂಗ ಕಾಣತೈತಂತ. ಈಗ ಯಾವ ಊರಾಗೂ ಹೊಲಕ್ಕ ಕರೆಯವಲ್ರು. ಮೊದಲ ಕೈ ಹಿಡಿದು ಎಳೀತಿದ್ರು, ಗೊಬ್ಬರ ಆಗತೈತಿ ಬಾ ಅಂತ. ಈಗ ದೂರದಿಂದ ಕೈ ಬೀಸಿ ಹೋಗ ಅಂತಾರ. ನೀ ಆ ಯಂತ್ರದ ಮುಂದ ಕುಂದರತೀಯಲ್ಲ, ಅದಕ್ಕ ಹೇಳಾಕ ಬರೂದಿಲ್ಲೇನು, ಇದು ಬೂದಿ ಅಲ್ಲೋ ಮಾರಾಯ, ಹಿಕ್ಕಿ ಅಂತ?"

ಮಾಳವ್ವ ಎದ್ದು ಹೋಗಿ ಹಿಂದಿನ ರಾತ್ರಿಯ ಮಂದೆಯ ಜಾಗ ನೋಡಿದಳು. ಉಚ್ಚೆ ಹಿಕ್ಕೆಗಳಿಂದ ತೊಯ್ದ ಮಣ್ಣು ಕಪ್ಪಾಗಿತ್ತು. ಬೆಳಕನ್ನೆಲ್ಲ ಒಳಗೆಳೆದುಕೊಳ್ಳುವ ಕಪ್ಪು. ಮೇಲಿನಿಂದ ನೋಡಿದರೆ ತಾನೂ ಸುಟ್ಟ ನೆಲವೆಂದೇ ಅನ್ನುತ್ತಿದ್ದೆನೇನೋ ಎನಿಸಿತು. ಆದರೆ ಆ ಕಪ್ಪಿಗೆ ಒಂದು ಆಕಾರವಿತ್ತು. ಬಲೆ ಕಟ್ಟಿದ ದುಂಡು ಮಂದೆ, ಉತ್ತರದ ಅಂಚಿನಲ್ಲಿ ಮಾತ್ರ ಯಾರೋ ಕಚ್ಚಿ ತಿಂದಂತೆ ಒಂದು ಬಿಳಿ ತುಣುಕು. ಹಿಂದೆ ಒಮ್ಮೆ ಉತ್ತರದ ಕಡೆಯಿಂದ ತೋಳ ನುಗ್ಗಿದ ಮೇಲೆ ಅಪ್ಪ ಆ ಕಡೆ ಗುಡಾರ ಹಾಕಿ ಮನೆಯವರನ್ನೇ ಮಲಗಿಸುತ್ತಿದ್ದ. ಅಮೋಗಿ ಆ ರೂಢಿ ಬಿಟ್ಟಿರಲಿಲ್ಲ. ಮನುಷ್ಯರು ಮಲಗಿದಲ್ಲಿ ಹಿಕ್ಕೆ ಬೀಳುವುದಿಲ್ಲ. ಆ ಬಿಳಿ ತುಣುಕೆಂದರೆ ಅಣ್ಣ, ವೈನಿ.

"ಹೇಳತೀನಣ್ಣ" ಎಂದಳು.

ಹೊರಡುವಾಗ ಅಮೋಗಿ ಸ್ವಲ್ಪ ತಣ್ಣಗಾಗಿದ್ದ. "ಒಂದು ಮಾತು ಮಾತ್ರ ಹೇಳಬೇಕು ನೋಡು. ನಿಮ್ಮ ಕಚೇರಿಯವರು ಏನ ಮಾಡ್ಲಿ, ನೀರಿಂದು ತಕರಾರಿಲ್ಲ. ಎಲ್ಲಿ ಕುರಿ ತರುಬಿದ್ರೂ ಮರುದಿನ ಹತ್ತಿರದ ತೊಟ್ಟಿ ತುಂಬಿರತೈತಿ. ಎಂಟು ವರ್ಷ ಆತು, ಒಂದು ದಿನ ತಪ್ಪಿಲ್ಲ. ಬೀರಪ್ಪನ ದಯಾ."

ಯಾಕೆ ತುಂಬಿರುತ್ತದೆ ಎಂದು ಮಾಳವ್ವ ಕೇಳಬೇಕಿತ್ತು. ಅವಳಿಗೆ ಆ ಕ್ಷಣದಲ್ಲಿ ಆ ಪ್ರಶ್ನೆ ಹೊಳೆಯಲಿಲ್ಲ.

*

ಯಂತ್ರಕ್ಕೆ ಹೊಸ ಹೆಸರೊಂದನ್ನು ಕಲಿಸುವುದು ಸುಲಭದ ಕೆಲಸವಲ್ಲ. ಇನ್ನೂರಾದರೂ ಮಾದರಿ ಬೇಕು. ಪ್ರತಿಯೊಂದರ ಮೇಲೂ ಯಾರಾದರೂ ಹೋಗಿ ನಿಂತಿರಬೇಕು. ಬೇರೆ ಯಾರಾದರೂ ಆಗಿದ್ದರೆ ಎರಡು ವರ್ಷ ಹಿಡಿಯುತ್ತಿತ್ತು. ಮಾಳವ್ವನಿಗೆ ಮೂರು ತಿಂಗಳು ಸಾಕಾಯಿತು. ಕಾರ್ತಿಕದಲ್ಲಿ ಯಾವ ಮಂದೆ ಯಾವ ದಾರಿ ಹಿಡಿಯುತ್ತದೆ, ಯಾರು ಯಾರ ಹೊಲಕ್ಕೆ ಇಳಿಯುತ್ತಾರೆ, ಇಂದು ಇಲ್ಲಿ ಬಲೆ ಕಟ್ಟಿದವರು ನಾಳೆ ಎಷ್ಟು ಮಾರು ಸರಿಸಿ ಕಟ್ಟುತ್ತಾರೆ, ಇದೆಲ್ಲ ಅವಳಿಗೆ ಗೊತ್ತಿತ್ತು. ಬೆಂಕಿ ಎಲ್ಲೆಂದರಲ್ಲಿ ಹರಡುತ್ತದೆ. ಮಂದೆ ಹಾಗಲ್ಲ, ಅದು ಸಾಲು ಹಿಡಿದು ನಡೆಯುತ್ತದೆ. ಈ ಸಾಲನ್ನೇ ಅವಳು ಯಂತ್ರಕ್ಕೆ ಕಲಿಸಿದಳು. ಇನ್ನೂರ ಹನ್ನೆರಡು ಮಾದರಿಗಳಲ್ಲಿ ಯಂತ್ರ ಇನ್ನೂರ ಏಳನ್ನು ಸರಿಯಾಗಿ ಗುರುತಿಸಿತು.

ನಿರ್ದೇಶಕ ಜಮಖಂಡಿಯವರು ಎಲ್ಲರನ್ನೂ ನಿಯಂತ್ರಣ ಕೊಠಡಿಗೆ ಕರೆದು ದೊಡ್ಡ ಪರದೆಯ ಮೇಲೆ ತೋರಿಸಿದರು. ಹದಿನೇಳನೆಯ ವರ್ಗ: ಮಂದೆ ನೆಲ. ಬಣ್ಣ ಯಾವುದಿರಲಿ ಎಂದು ಅವಳನ್ನೇ ಕೇಳಿದ್ದರು. ಅವಳು ಕರಿ ಕಂಬಳಿಯ ಬಣ್ಣ ಆರಿಸಿದ್ದಳು.

"ಇಷ್ಟು ವರ್ಷ ಈ ಸೀಮ್ಯಾಗ ನಲವತ್ತು ಮಂದೆ ಅದಾವಂತ ನಕ್ಷೆಗೇ ಗೊತ್ತಿರಲಿಲ್ಲ ನೋಡ್ರಿ. ಇವರು ಗುರುತಿಸಿ ಕೊಟ್ರು" ಎಂದರು ಜಮಖಂಡಿ. ಚಪ್ಪಾಳೆ ಬಿತ್ತು. ಹಸಿರು ಹಳದಿಗಳ ನಡುವೆ ಕಪ್ಪು ಮಣಿಗಳ ನಲವತ್ತು ಸರಗಳು. ಅವುಗಳಲ್ಲೊಂದು ಸರದ ಪ್ರತಿ ಮಣಿಗೂ ಉತ್ತರದಲ್ಲಿ ಬಿಳಿ ಚೂರು. ತನ್ನವರು ಕೊನೆಗೂ ಒಂದು ಕಡೆ ದಾಖಲಾದರು ಎನಿಸಿತು ಮಾಳವ್ವನಿಗೆ.

ನೋಟೀಸುಗಳು ನಿಂತವು. ರೈತರು ಮತ್ತೆ ಮಂದೆಗಳನ್ನು ಹೊಲಕ್ಕೆ ಕರೆದು, ಗೊಬ್ಬರದಾಸೆಗೆ ತಮ್ಮ ಪಾಲಿನ ನೀರನ್ನೂ ಕುಡಿಸಿದರು. ಅಮೋಗಿ ಫೋನಿನಲ್ಲಿ ನಗುತ್ತ, "ಹೊಳೆಬಸಪ್ಪ ನಿನಗ ಒಂದು ಚೀಲ ಜೋಳ ಕೊಡತಾನಂತ, ಬಂದು ಒಯ್ಯಿ" ಎಂದ.

*

ಏಪ್ರಿಲ್ ಎರಡನೆಯ ವಾರ. ಬಿಸಿಲು ನಲವತ್ತನಾಲ್ಕಕ್ಕೆ ಏರಿತ್ತು. ಹೊಲಗಳ ಕೂಳೆಯೆಲ್ಲ ಮುಗಿದು ಮಂದೆಗಳು ಬೋಳು ಎತ್ತರವನ್ನು ದಾಟಿ ನದಿಯ ಕಡೆಗೆ ಇಳಿಯುವ ಕಾಲ. ಮಂಗಳವಾರ ಸಂಜೆ ಮಾಳವ್ವ ತನ್ನ ಬಾಡಿಗೆ ಮನೆಯಲ್ಲಿ ಹಿಟ್ಟು ನಾದುತ್ತಿದ್ದಾಗ ಅಮೋಗಿಯ ಫೋನು ಬಂತು. ಹಿಟ್ಟಿನ ಕೈಯಲ್ಲೇ ಎತ್ತಿದಳು.

"ಮಾಳಿ, ತೊಟ್ಟಿಯೊಳಗ ನೀರಿಲ್ಲ."

"ಯಾವ ತೊಟ್ಟಿ ಅಣ್ಣ?"

"ಯಾವುದ್ರಾಗೂ ಇಲ್ಲ. ಎತ್ತರ ಹತ್ತಿದ ಮ್ಯಾಲ ಮೂರು ನೋಡಿದ್ವಿ. ಮೂರೂ ಒಣಗಿ ಹಲ್ಲಿ ಓಡಾಡಾಕ ಹತ್ಯಾವ. ಕುರಿ ಶನಿವಾರ ನೀರು ಕುಡದಿದ್ದು."

"ಹಿಂದಕ ತಿರುಗ್ರಿ."

"ಹಿಂದಕಂದ್ರ ಮೂರು ದಿನದ ಹಾದಿ. ಮುಂದಕ್ಕ ಎರಡು. ನಿನ್ನೆ ಮುಚ್ಚಳದ ಕೆರಿ ಹತ್ರ ಬಂದ್ವಿ. ನೀರಿನ ವಾಸನಿ ಹಿಡದು ಎಲ್ಲಾ ಕುರಿ ಬೇಲಿಗೆ ಮೂಗು ಹಚ್ಚಿ ನಿಂತು ಬಿಟ್ಟವು. ಬಡದು ಎಬ್ಬಿಸಿ ಕರಕೊಂಡು ಬರಬೇಕಾತು. ಊರವರು ನಮಗಂತ ಎರಡು ಕೊಡ ಕೊಟ್ರು. ನಾನೂರು ಕುರಿಗೆ ಯಾರು ಕೊಡತಾರ? ನೀ ಕಚೇರ್ಯಾಗ ಒಂದು ಮಾತು ಹೇಳು. ನಾವು ಎಲ್ಲಿ ಅದೀವಿ ಅಂತ ಈಗ ನಿಮ್ಮ ಯಂತ್ರಕ್ಕ ಗೊತ್ತೈತಲ್ಲ?"

"ಗೊತ್ತೈತಿ" ಎಂದಳು ಮಾಳವ್ವ.

ಬುಧವಾರ ಎಲ್ಲರಿಗಿಂತ ಮೊದಲು ಕಚೇರಿಗೆ ಹೋಗಿ ತೊಟ್ಟಿಗಳ ಹಳೆಯ ದಾಖಲೆ ತೆಗೆದಳು. ಎತ್ತರದ ತೊಟ್ಟಿಗಳು ಎಂಟು ವರ್ಷಗಳಲ್ಲಿ ಯಾವ ಯಾವ ದಿನ ತುಂಬಿದವು ಎಂಬುದರ ಪಕ್ಕದಲ್ಲಿ ಕಾರಣ ಬರೆದಿತ್ತು. ಎಲ್ಲ ಸಾಲಿನಲ್ಲೂ ಒಂದೇ ಕಾರಣ. ವರ್ಗ ಒಂಬತ್ತು, ಸುಟ್ಟ ನೆಲ. ಬೆಂಕಿ ಮತ್ತೆ ಹೊತ್ತಿಕೊಂಡರೆ ಆರಿಸಲು ಹತ್ತಿರದ ತೊಟ್ಟಿ ತುಂಬಿಡಬೇಕೆಂಬುದು ನಿಯಮ.

ಅವಳು ಆ ಸಾಲುಗಳನ್ನು ಎರಡು ಸಲ ಓದಿದಳು. ಎಂಟು ವರ್ಷ ಯಂತ್ರ ಇಲ್ಲದ ಬೆಂಕಿಗೆ ನೀರು ಕಳಿಸಿತ್ತು, ಕುರಿಗಳು ಕುಡಿದಿದ್ದವು. ಆಮೇಲೆ ಹದಿನೇಳನೆಯ ವರ್ಗದ ಮುಂದೆ ನೀರಿನ ಕಾಲಂನಲ್ಲಿ ಏನಿದೆ ಎಂದು ನೋಡಿದಳು. ಏನೂ ಇರಲಿಲ್ಲ. ಯಾರೂ ನೀರು ಬೇಡ ಎಂದು ಬರೆದಿರಲಿಲ್ಲ. ಆ ಕಾಲಂ ತುಂಬುವುದು ಯಾರ ಕೆಲಸವೆಂದು ಯಾರಿಗೂ ಗೊತ್ತಾಗದೆ ಅದು ಖಾಲಿ ಉಳಿದಿತ್ತು, ಖಾಲಿಯನ್ನು ಯಂತ್ರ ಸೊನ್ನೆ ಎಂದು ಓದಿಕೊಂಡಿತ್ತು. ಆ ಖಾಲಿ ಜಾಗ, ಹೊಸ ವರ್ಗ ಬೇಕೆಂದು ಅವಳೇ ಕೊಟ್ಟಿದ್ದ ಅರ್ಜಿಯ ಕೊನೆಯ ಪುಟದಲ್ಲಿತ್ತು. ಚಿತ್ರದ ವಿಷಯ ತನ್ನದು, ನೀರಿನ ವಿಷಯ ಬೇರೆಯವರದು ಎಂದು ಅವಳು ಅದನ್ನು ಬಿಟ್ಟು ಮುಂದೆ ಹೋಗಿದ್ದಳು.

ಜಮಖಂಡಿ ಒಳ್ಳೆಯ ಮನುಷ್ಯ. ಅವಳು ಹೇಳಿದ್ದನ್ನು ಪೂರ್ತಿ ಕೇಳಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ನಿಮ್ಮ ಸಂಕಟ ತಿಳೀತದ. ಆದ್ರ ನೀರಿನ ಕಾಲಂಗ ಕೈ ಹಚ್ಚಲಿಕ್ಕೆ ನನಗ ಅಧಿಕಾರ ಇಲ್ರಿ. ಅದಕ್ಕೊಂದು ಸಮಿತಿ ಅದ. ಜೂನ್‌ದಾಗ ಕೂಡತದ."

"ಸರ್, ಕುರಿ ಜೂನ್ ತನಕ ಇರಂಗಿಲ್ರಿ."

"ಟ್ಯಾಂಕರ್ ಕೇಳಿ ನೋಡೋಣ ಅಂದ್ರ ಅದು ಊರಿನ ಪಟ್ಟಿ ಮ್ಯಾಲೆ ಹೋಗತದ. ನಿಮ್ಮ ಅಣ್ಣ ಯಾವ ಊರವರು ಅಂತ ಬರೀಲಿ ನಾ?" ಖಾಲಿ ಹಾಳೆಯೊಂದನ್ನು ಅವಳ ಮುಂದೆ ಸರಿಸಿ, "ತುರ್ತು ಅಂತ ಒಂದು ಅರ್ಜಿ ಕೊಡ್ರಿ. ನಾ ಇವತ್ತೇ ಮ್ಯಾಲೆ ಕಳಸ್ತೀನಿ" ಎಂದರು.

ದಾರಿ ಇನ್ನೊಂದಿತ್ತು. ಅವರ ಕೋಣೆಯಿಂದ ಹೊರಬರುವಾಗಲೇ ಅವಳಿಗೆ ಹೊಳೆದಿತ್ತು. ಸ್ಕೂಟರಿನಲ್ಲಿ ಎಪ್ಪತ್ತು ಕಿಲೋಮೀಟರು ಹೋಗಿ, ಅಣ್ಣ ಮಂದೆ ಹಾಕಿದ ನೆಲದ ಮೇಲೆ ನಿಂತು, ಒಂಬತ್ತು ಎಂದು ಒತ್ತುವುದು. ತೊಂಬತ್ತಾರರ ತೂಕದವಳ ಮಾತನ್ನು ಯಂತ್ರ ನಂಬಿಯೇ ನಂಬುತ್ತದೆ. ಆದರೆ ಅದು ಸುಳ್ಳು. ಆರು ವರ್ಷದಲ್ಲಿ ಅವಳು ಒಂದೇ ಒಂದು ಚುಕ್ಕಿಗೂ ಸುಳ್ಳು ಹೇಳಿರಲಿಲ್ಲ. ಕುರುಬರ ಹುಡುಗಿ ಏನು ಓದಿಯಾಳು ಎಂದವರ ಮುಂದೆ ಅವಳಿಗಿದ್ದ ಆಸ್ತಿಯೆಂದರೆ ಆ ತೊಂಬತ್ತಾರು. ಒಮ್ಮೆ ಸುಳ್ಳೆಂದು ಸಿಕ್ಕಿಬಿದ್ದರೆ ಇನ್ನೂರ ಹನ್ನೆರಡು ಮಾದರಿಗಳೂ ಸುಳ್ಳಾಗುತ್ತವೆ, ನಲವತ್ತು ಮಂದೆಗಳೂ ಮತ್ತೆ ಬೂದಿಯಾಗುತ್ತವೆ, ರೈತರು ಮತ್ತೆ ಕೈ ಬೀಸುತ್ತಾರೆ. ಹೀಗೆಲ್ಲ ಲೆಕ್ಕ ಹಾಕಿದಳು. ಲೆಕ್ಕ ಸರಿಯಾಗಿಯೇ ಇತ್ತು.

ಕುಳಿತು ಅರ್ಜಿ ಬರೆದಳು. ನಾಲ್ಕು ಪುಟ, ಮೂರು ನಕ್ಷೆ. ಸಂಜೆ ಅಣ್ಣನಿಗೆ ಫೋನು ಮಾಡಿ, "ಅರ್ಜಿ ಕೊಟ್ಟೀನಿ, ನಾಳೆ ಏನರ ಆಗತೈತಿ" ಎಂದಳು.

ಆ ಕಡೆಯಿಂದ ಕುರಿಗಳ ಸದ್ದು ಕೇಳುತ್ತಿತ್ತು. ಅವಳು ಹುಟ್ಟಿದಾಗಿನಿಂದ ಕೇಳಿದ ಸದ್ದು ಅದಾಗಿರಲಿಲ್ಲ. ದನಿ ಒಡೆದು ಬರೀ ಉಸಿರಾಗಿತ್ತು.

"ಆತು" ಎಂದ ಅಮೋಗಿ. "ನೀ ಹೇಳೀದಿ ಅಂದ ಮ್ಯಾಲ ಆಗತೈತಿ. ಇಲ್ಲೇ ತೊಟ್ಟಿ ಹತ್ರ ಇರತೀವಿ ಹಂಗಾರ. ಮುಂದ ಹೋಗೂದಿಲ್ಲ."

*

ಗುರುವಾರ ಹತ್ತು ನಲವತ್ತರ ಚಿತ್ರ ಪರದೆಗೆ ಬಂದಾಗ ಹನ್ನೊಂದು ದಾಟಿತ್ತು. ಅರ್ಜಿಗೆ ಉತ್ತರ ಬಂದಿರಲಿಲ್ಲ. ಅಣ್ಣನ ಫೋನು ಬೆಳಗಿನಿಂದ ಬಂದ್ ಇತ್ತು.

ಮಾಳವ್ವ ಕಪ್ಪು ಮಣಿಗಳ ಸರದ ಗುಂಟ ಬೆರಳಾಡಿಸುತ್ತ ಹೋದಳು. ಭಾನುವಾರದ ಮಣಿ, ಸೋಮವಾರದ್ದು, ಮಂಗಳವಾರದ್ದು. ಬುಧವಾರದ್ದು ತೊಟ್ಟಿಯ ಪಕ್ಕದಲ್ಲಿತ್ತು. ಗುರುವಾರದ ಮಣಿ ಇರಲಿಲ್ಲ. ಬುಧವಾರದ್ದೇ ಇನ್ನಷ್ಟು ಕಪ್ಪಾಗಿ, ಅದೇ ಜಾಗದಲ್ಲಿ, ಅಂಚು ಒಂದಿಷ್ಟೂ ಸರಿಯದೆ ಕುಳಿತಿತ್ತು. ಒಂದೇ ಹೊಲದಲ್ಲಿ ಎರಡು ರಾತ್ರಿ ನಿಂತರೂ ಕುರಿಗಾರ ಬಲೆಯನ್ನು ಸರಿಸಿಯೇ ಕಟ್ಟುತ್ತಾನೆ. ಒದ್ದೆ ಹಿಕ್ಕೆಯ ಮೇಲೆ ಕುರಿ ಮಲಗಿಸುವವನಲ್ಲ ಅವನು.

ಚಿತ್ರ ದೊಡ್ಡದು ಮಾಡಿದಳು. ವೃತ್ತ ಪೂರ್ತಿಯಾಗಿತ್ತು. ಉತ್ತರದ ಬಿಳಿ ತುಣುಕು ಇರಲಿಲ್ಲ.

ಪಕ್ಕದಲ್ಲಿ ಯಂತ್ರ ಬರೆದಿತ್ತು: ಹದಿನೇಳು, ಮಂದೆ ನೆಲ. ಖಚಿತತೆ ನೂರಕ್ಕೆ ತೊಂಬತ್ತೊಂಬತ್ತು.

ಅವಳು ಯಾರಿಗೂ ಹೇಳದೆ ಸಾಧನ ಎತ್ತಿಕೊಂಡು ಸ್ಕೂಟರು ಹತ್ತಿದಳು. ಡಾಂಬರು ಮುಗಿದ ಮೇಲೆ ಕೆಮ್ಮಣ್ಣಿನ ದಾರಿ, ಆಮೇಲೆ ದಾರಿಯೂ ಇಲ್ಲ. ಕೊನೆಯ ಎರಡು ಕಿಲೋಮೀಟರು ನಡೆದಳು. ಗಾಳಿ ಬೀಸಿದಾಗ ಮೊದಲು ಬಂದದ್ದು ವಾಸನೆ.

ನಿಂಗವ್ವ ಕಂಡಳು. ಬದುಕಿದ್ದಳು. ಬಿಸಿಲಿಗೆ ತಲೆಯ ಮೇಲೆ ಕಂಬಳಿ ಹೊದ್ದು, ಮಡಿಲಲ್ಲಿ ಒಂದು ಮರಿ ಇಟ್ಟುಕೊಂಡು ಕುಳಿತಿದ್ದಳು. ಮರಿಯ ನಾಲಗೆ ಹೊರಬಿದ್ದಿತ್ತು. ಅವಳು ಅದನ್ನು ತಟ್ಟುತ್ತಲೇ ಇದ್ದಳು. ಅಮೋಗಿ ಸ್ವಲ್ಪ ದೂರದಲ್ಲಿ ತೊಟ್ಟಿಯ ಕಟ್ಟೆಗೆ ಒರಗಿದ್ದ, ಕುದುರೆ ಅವನ ಪಕ್ಕದಲ್ಲಿ ತಲೆ ಇಳಿಬಿಟ್ಟು ನಿಂತಿತ್ತು.

ಬಲೆಯೊಳಗೆ ಕುರಿಗಳು ಒಂದರ ಮೇಲೊಂದು ಬಿದ್ದಿದ್ದವು. ಉತ್ತರದಲ್ಲಿ ಇನ್ನೂ ಕೀಳದೆ ಉಳಿದ ಕರಿ ಕಂಬಳಿಯ ಗುಡಾರದೊಳಗೂ ಅವೇ ತುಂಬಿದ್ದವು.

"ಇದ್ದ ನೆರಳು ಅಷ್ಟ ಆಗಿತ್ತು" ಎಂದ ಅಮೋಗಿ. ದನಿ ತೀರ ಸಣ್ಣಗಿತ್ತು. "ಅದಕ್ಕ ನಾವು ಹೊರಗ ಬಂದು, ಅವನ್ನ ಒಳಗ ಬಿಟ್ವಿ. ಮಧ್ಯಾಹ್ನದ ತನಕ ಎಂಟೊಂಬತ್ತು ಉಸಿರಾಡತಿದ್ವು."

ಮಾಳವ್ವ ಮಂದೆಯ ಅಂಚಿಗೆ ಹೋಗಿ ನಿಂತಳು. ಸಾಧನ ತಾನಾಗಿಯೇ ಹೊತ್ತಿಕೊಂಡು, ಇಲ್ಲಿ ಏನಿದೆ ಎಂದು ಕೇಳಿತು. ಕೆಳಗೆ ಹದಿನೇಳು ಹೆಸರುಗಳು. ಅವುಗಳಲ್ಲಿ ಇದರ ಹೆಸರಿರಲಿಲ್ಲ. ಅವಳು ಒಂಬತ್ತನ್ನು ಒತ್ತಿದಳು.

ಚಿತ್ರ ಹದಿನೇಳು ಎನ್ನುತ್ತಿದೆ, ನೀವು ಒಂಬತ್ತು ಎನ್ನುತ್ತಿದ್ದೀರಿ, ಖಚಿತವೇ ಎಂದು ಕೇಳಿತು ಸಾಧನ.

ಹೌದು ಎಂದು ಒತ್ತಿದಳು.

ನಾಲ್ಕು ನಿಮಿಷ ಏನೂ ಆಗಲಿಲ್ಲ. ಆಮೇಲೆ ತೊಟ್ಟಿಯ ಕೊಳವೆ ಕೆಮ್ಮಿತು. ಗಾಳಿ ಬಂತು, ತುಕ್ಕಿನ ಕೆಂಪು ನೀರು ಬಂತು, ಬಳಿಕ ಕೈಯಷ್ಟು ದಪ್ಪದ ತಿಳಿ ನೀರು ಬಂದು ಒಣ ತೊಟ್ಟಿಗೆ ಬಿದ್ದು ಸದ್ದು ಮಾಡಿತು. ಕುದುರೆ ಬಾಯಿ ಹಾಕಿತು. ಅಮೋಗಿ ತಿರುಗಿ ನೋಡಿದ. ಬಹಳ ಹೊತ್ತು ನೋಡಿದ. ಕಷ್ಟಪಟ್ಟು ಎದ್ದು ನಿಂತು, ನೀರಿಗೆ ಕೈಮುಗಿದ.

"ಬಂದ ನೋಡು ಬೀರಪ್ಪ. ತಡಾ ಮಾಡಿದ. ಆದ್ರ ಬಂದ."

ಸುಮ್ಮನಿದ್ದುಬಿಡಬಹುದಿತ್ತು. ಅವಳಿಗೆ ಆಗಲಿಲ್ಲ.

"ಬೀರಪ್ಪ ಅಲ್ಲಣ್ಣ. ನಾ ಬಿಡಿಸಿದ್ದು. ಇಲ್ಲಿ ಬೆಂಕಿ ಬಿದ್ದೈತಿ ಅಂತ ಸುಳ್ಳು ಹೇಳಿದೆ, ನೀರು ಬಂತು."

ಅಮೋಗಿ ಮುಗಿದ ಕೈ ಕೆಳಗಿಳಿಸಿದ. ತಂಗಿಯ ಕೈಯಲ್ಲಿದ್ದ ಸಾಧನವನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಿಳಿಯದವನು ಲೆಕ್ಕ ಕೇಳುವಂತೆ ಕೇಳಿದ:

"ಇಷ್ಟಕ್ಕ ಬರತಿತ್ತೇನು? ಹಂಗಾರ ನಿನ್ನೆ ಯಾಕ ಹೇಳಲಿಲ್ಲ?"

ತೊಟ್ಟಿ ತುಂಬಿತು. ನೀರು ಕಟ್ಟೆ ದಾಟಿ ಧೂಳಿನಲ್ಲಿ ಸಣ್ಣ ದಾರಿ ಮಾಡಿಕೊಂಡು, ಇಳಿಜಾರಿದ್ದ ಕಡೆಗೆ, ಬಲೆಯ ಕೆಳಗೆ ನುಸುಳಿ, ಮಲಗಿದ್ದ ಕುರಿಗಳ ನಡುವೆ ಹರಿಯತೊಡಗಿತು.